ಎಣಿಕೆಯಕ್ಕ ತಟ್ಟಿದ ಬಾಗಿಲುಗಳು

ರಾಣಿಯರಿಗೆ ಸಂಜೆ ಹೊತ್ತು ಮಾಡಲು ಬೇರೆ ಕೆಲಸವಿಲ್ಲದಿದ್ದ ಕಾಲದಲ್ಲಿ ಒಬ್ಬ ರಾಣಿ ಇದ್ದಳಂತೆ. ದಿನಾ ದೀಪ ಹಚ್ಚುವ ಹೊತ್ತಿಗೆ ಅರಮನೆಯ ಮಾಳಿಗೆ ಹತ್ತಿ ನಿಂತು ಊರಿನ ದೀಪಗಳನ್ನು ಎಣಿಸುವುದೇ ಆಕೆಯ ಕೆಲಸ. ಅಲ್ಲೊಂದು, ಇಲ್ಲೊಂದು, ಕೆರೆಯಾಚೆ ಇನ್ನಷ್ಟು. ಎಣಿಸಿ ಮುಗಿಸಿ, ನನ್ನ ಊರು ಬೆಳಗುತ್ತಿದೆ ಎಂದು ಸಮಾಧಾನದಿಂದ ಇಳಿದು ಹೋಗಿ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದಳು. ಒಂದು ಸಂಜೆ ಅವಳ ಸೊಂಟದ ಮೇಲಿದ್ದ ಕೂಸು ಊರಿನ ಕಡೆ ಬೆರಳು ಚಾಚಿ, ಆ ಕಪ್ಪಗಿರೋ ಜಾಗದಲ್ಲಿ ಯಾರಿದಾರಮ್ಮ ಎಂದು ಕೇಳಿತು. ಆವತ್ತು ರಾಣಿಗೆ ತುತ್ತು ಇಳಿಯಲಿಲ್ಲ. ಬೆಳಗಾಗುತ್ತಲೇ ಕಾಲಿನ ಗೆಜ್ಜೆ ಬಿಚ್ಚಿಟ್ಟಳು. ದೀಪವಿಲ್ಲದ ಬಾಗಿಲುಗಳನ್ನೆಲ್ಲ ತಟ್ಟಿ ಮುಗಿಸುವವರೆಗೆ ಹಾಸಿಗೆಗೆ ಬೆನ್ನು ತಾಗಿಸುವುದಿಲ್ಲ ಎಂದು ಕೂಸಿಗೆ ಮಾತು ಕೊಟ್ಟು ಬೀದಿಗಿಳಿದಳು.

ಈ ಕಥೆ ಹೇಳುತ್ತಿದ್ದದ್ದು ಒಬ್ಬ ಅಜ್ಜಿ. ಕೇಳುತ್ತಿದ್ದವರು ಇಬ್ಬರು ಮೊಮ್ಮಕ್ಕಳು, ಅಜ್ಜಿಯ ಎಡಕ್ಕೊಬ್ಬಳು, ಬಲಕ್ಕೊಬ್ಬಳು, ಇಬ್ಬರಿಗೂ ಸೇರಿ ಒಂದೇ ಕಂಬಳಿ. ರಾಣಿ ಎರಡನೆಯ ಬಾಗಿಲು ತಟ್ಟುವಷ್ಟರಲ್ಲಿ ದೊಡ್ಡವಳ ಕಣ್ಣು ಮುಚ್ಚಿಬಿಡುತ್ತಿತ್ತು. ಚಿಕ್ಕವಳು, ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದವಳು, ಕೊನೆಯ ಮಾತಿನವರೆಗೂ ಪಿಳಿಪಿಳಿ ನೋಡುತ್ತ ಮಲಗಿರುತ್ತಿದ್ದಳು. ಬೆಳಿಗ್ಗೆ ದೊಡ್ಡವಳು ಕೊನೆಗೇನಾಯ್ತೇ ಎಂದು ಕೇಳಿದರೆ, ಹೇಳಲ್ಲ, ನೀನ್ಯಾಕೆ ಗೊರಕೆ ಹೊಡೆದೆ ಎಂದು ಓಡಿಹೋಗುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಆ ಕೊನೆ ಗುಬ್ಬಿಯೊಬ್ಬಳ ಆಸ್ತಿಯಾಗಿಬಿಟ್ಟಿತು.

ದೊಡ್ಡವಳು ಬೆಳೆದು ಎಣಿಸುವವಳೇ ಆದಳು. ಬಂದರಿನ ಊರೊಂದರಲ್ಲಿ, ತಾಯಂದಿರ ಮತ್ತು ಹಸುಗೂಸುಗಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಯಾವ ಬೀದಿಯಲ್ಲಿ ಕೂಸುಗಳು ದಿನ ತುಂಬುವ ಮುಂಚೆ ಹುಟ್ಟುತ್ತವೆ, ಯಾವ ಬೀದಿಯಲ್ಲಿ ಬಸುರಿಯರು ಹಾಸಿಗೆ ಹಿಡಿಯುತ್ತಾರೆ, ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಎಂದು ಮನೆಮನೆಗೆ ಹೋಗಿ ಕೇಳಿ, ಕೂಡಿಸಿ ಕಳೆದು, ಕಾರಣ ಹುಡುಕುವ ಕೆಲಸ. ಬೀದಿಯ ಹೆಂಗಸರು ಅವಳಿಗೆ ಎಣಿಕೆಯಕ್ಕ ಎಂದು ಹೆಸರಿಟ್ಟಿದ್ದರು. ದೂರದಿಂದಲೇ ಗುರುತು ಸಿಗುತ್ತಿತ್ತು: ಹೆಗಲ ಮೇಲೆ ಕೂಸುಗಳನ್ನು ತೂಗುವ ಕೆಂಪು ಬಟ್ಟೆಯ ಜೋಳಿಗೆ, ಅದರ ತುದಿಗೆ ಗಡಿಯಾರದ ಮುಖದಂಥ ತಕ್ಕಡಿ. ಅವಳ ಕೈಕೆಳಗಿನ ಹುಡುಗಿಯರೂ ಅದನ್ನೇ ಹೊತ್ತು ತಿರುಗುತ್ತಿದ್ದರು. ಬಾಗಿಲು ತೆರೆದ ಕೂಡಲೇ ಎಲ್ಲರೂ ಆಡಬೇಕಾದ ಮೊದಲ ಮಾತೂ ಒಂದೇ: ಮಗು ಹೇಗಿದೆ? ಮೂರು ಸಲ ಹೋದರೂ ತೆರೆಯದ ಬಾಗಿಲಿದ್ದರೆ ಅದಕ್ಕೆ 'ಬೀಗ' ಎಂದು ಹೆಸರು. ಆ ಮನೆಯನ್ನು ಲೆಕ್ಕದಿಂದ ಬಿಟ್ಟುಬಿಡಬೇಕು. ಈ ನಿಯಮ ಮಾಡಿದವಳೂ ಎಣಿಕೆಯಕ್ಕನೇ. ಬಾಡಿಗೆ ಮನೆಗಳ ಊರು, ಜನ ಬರುತ್ತಾರೆ, ಹೋಗುತ್ತಾರೆ. ಹೋದವರ ಹಿಂದೆ ಓಡುತ್ತ ಕೂತರೆ ಕೆಲಸ ಮುಗಿಯುವುದುಂಟೇ?

ಆಫೀಸಿನ ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆ. ಕೂಸುಗಳು ಗಟ್ಟಿಯಾಗಿರುವ ಬೀದಿಗೆ ಹಸಿರು ಗುಂಡುಪಿನ್ನು, ಕಷ್ಟವಿರುವ ಬೀದಿಗೆ ಕೆಂಪು. ಗುಬ್ಬಿಗೆ ಮದುವೆಯಾಗಿ, ಬಸುರಿಯಾಗಿ, ಬಾಡಿಗೆ ಮನೆ ಹುಡುಕುವ ಹೊತ್ತಿಗೆ, ನಿನ್ನ ಗೋಡೆ ಏನನ್ನುತ್ತೆ ಅಕ್ಕ, ನಿನ್ನ ಗೋಡೆ ಹೇಳಿದ ಕಡೆ ಹೋಗ್ತೀನಿ ಎಂದು ನಗುತ್ತ ಕೇಳಿದ್ದಳು. ಅಕ್ಕ ಎರಡು ಸಲ ಯೋಚಿಸಲಿಲ್ಲ. ಬಂದರಿನ ಪಕ್ಕದ ಗೋದಾಮಿನ ಬೀದಿ ಮೇಲಿಂದ ಕೆಳಗಿನವರೆಗೆ ಹಸಿರೋ ಹಸಿರು. ಊರಿನಲ್ಲೇ ಎಲ್ಲಕ್ಕಿಂತ ಒಳ್ಳೆಯ ಬೀದಿ ಎಂದು ಬೆರಳಿಟ್ಟು ತೋರಿಸಿದಳು. ಗುಬ್ಬಿ ಬೀದಿಯ ಕೆಳತುದಿಯಲ್ಲಿ ನೀಲಿ ಬಾಗಿಲಿನ ಮನೆ ಹಿಡಿದಳು. ಅವಳ ಗಂಡ ಹಡಗಿನಲ್ಲಿ ಅಡುಗೆಯವ, ತಿಂಗಳುಗಟ್ಟಲೆ ನೀರಿನ ಮೇಲೆ. ಅಕ್ಕ ಹತ್ತಿರವಿದ್ದಾಳಲ್ಲ ಎಂಬ ಧೈರ್ಯದಲ್ಲಿ ಅವನೂ ಹೊರಟುಹೋದ.

ವರದಿ ಬರೆಯುವ ಗಡಿಬಿಡಿಯಲ್ಲಿ ಅಕ್ಕ ಫೋನಿನಲ್ಲೇ ವಿಚಾರಿಸಿಕೊಂಡು ದಿನ ದೂಡಿದಳು. ಕೊನೆಗೊಂದು ಭಾನುವಾರ ಮಧ್ಯಾಹ್ನ ಹೋದಾಗ ಗುಬ್ಬಿಗೆ ಏಳು ತಿಂಗಳು ದಾಟಿತ್ತು. ಬಾಗಿಲು ತೆಗೆದವಳ ಕಾಲಲ್ಲಿ ಗಂಡನ ಚಪ್ಪಲಿ.

"ಏನೇ ಇದು ವೇಷ?"

"ನನ್ನದ್ಯಾವ್ದೂ ಹತ್ತಲ್ಲ ಅಕ್ಕ. ಅವರ ನೆನಪಾಗಿ ಕಾಲು ಊದ್ಕೊಂಡಿದೆ."

ಗುಬ್ಬಿ ಆಲೂಗಡ್ಡೆ ಬೇಯಿಸಿ ಸುಲಿದು ತಟ್ಟೆಯಲ್ಲಿಟ್ಟಳು. ಉಪ್ಪು ಎಲ್ಲಿ ಎಂದು ಅಕ್ಕ ಕೇಳಿದರೆ, ತಿಂದು ನೋಡು ಅಂದಳು. ತಿಂದರೆ ಹದವಾಗಿತ್ತು. ಈ ಬೀದಿಯವರಿಗೆ ಉಪ್ಪಿನ ಡಬ್ಬಿಯೇ ಬೇಡವಂತೆ, ಪಂಪಿನ ನೀರೇ ಅಡುಗೆಯವನ ಕೆಲಸ ಅರ್ಧ ಮಾಡಿಬಿಡುತ್ತದಂತೆ. ಹಿಂದಿನ ಸಲ ರಜೆಗೆ ಬಂದ ಗಂಡ ಮಾತ್ರ, ಹಡಗಿನ ಅಡುಗೆಯವನ ಹೆಂಡತಿಗೆ ಉಪ್ಪಿನ ಅಂದಾಜಿಲ್ಲ ಎಂದು ಮುಖ ಗಂಟಿಕ್ಕಿದ್ದನಂತೆ. ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಗುಬ್ಬಿ ಹಣೆ ಒತ್ತಿಕೊಂಡಳು. ಎರಡು ದಿನದಿಂದ ತಲೆ ಸಿಡೀತಿದೆ, ಬಿಸಿಲಿಗಿರಬೇಕು ಅಂದಳು.

ಅಕ್ಕನ ನಗು ಅಲ್ಲಿಗೆ ನಿಂತಿತು. ಅವಳಿಗೆ ಗೊತ್ತಿದ್ದ ವಿಷಯಗಳು ಒಂದೊಂದಾಗಿ ಬಂದು ಕೋಣೆಯಲ್ಲಿ ಕೂತವು. ಊದಿದ ಕಾಲು. ತಲೆನೋವು. ಬೆರಳಿನಿಂದ ಗುಬ್ಬಿಯ ಕಣಕಾಲು ಒತ್ತಿದಳು. ಒತ್ತಿದ ಕಡೆ ಕುಳಿ ಬಿತ್ತು, ಬೆರಳು ತೆಗೆದ ಮೇಲೂ ಹಾಗೇ ಇತ್ತು.

ಹಿಂದಿನ ತಿಂಗಳ ತಪಾಸಣೆಯಲ್ಲಿ ಎಲ್ಲ ಸರಿಯಿತ್ತಲ್ಲ ಎಂದು ಗುಬ್ಬಿ ಸಮಾಧಾನ ಹೇಳಿದಳು. ಸಮಾಧಾನ ಹೇಳಬೇಕಾದವಳು ತಾನಲ್ಲವೇ ಎಂದು ಅಕ್ಕನಿಗೆ ಹೊಳೆಯಲೂ ಇಲ್ಲ. ಈಗಲೇ ಆಸ್ಪತ್ರೆಗೆ ಹೋಗಿಬರೋಣ, ಬಟ್ಟೆ ತುಂಬಿಕೋ ಎಂದಳು. ಬಟ್ಟೆ ತುಂಬಲು ಚೀಲ ಬೇಕಿತ್ತು. ಚೀಲ ಅಟ್ಟದ ಮೇಲಿತ್ತು. ಅಕ್ಕ ಸ್ಟೂಲು ಹಾಕಿ ಹತ್ತಿದಳು.

ಅಟ್ಟದ ಮೇಲೆ ಚೀಲದ ಹಿಂದೆ ಒಂದು ತೊಟ್ಟಿಲಿತ್ತು. ಬಿಳಿ ಬಣ್ಣದ ಮರದ ತೊಟ್ಟಿಲು, ಕಂಬಿಗಳ ಮೇಲೆ ಸಣ್ಣ ಸಣ್ಣ ಹಳದಿ ಬಾತುಕೋಳಿ. ಒಳಗೆ ಹಾಸಿಗೆ. ಹಾಸಿಗೆಗೆ ಅಂಗಡಿಯವನು ಸುತ್ತಿದ್ದ ಪ್ಲಾಸ್ಟಿಕ್ಕು ಹಾಗೇ ಇತ್ತು.

"ಅದಾ? ಮುಂಚೆ ಇದ್ದವರು ಬಿಟ್ಟುಹೋದದ್ದು," ಎಂದಳು ಗುಬ್ಬಿ ಕೆಳಗಿನಿಂದ. "ನಮ್ಮ ಪುಣ್ಯ ನೋಡು, ಹೊಸದು. ತೊಳೆದು ಇಡ್ಬೇಕು."

ಪಾತ್ರೆ ಪರಡಿ, ಬಾಗಿಲ ಪರದೆ, ಗೋಡೆಯ ಮೊಳೆಗಳನ್ನು ಕೂಡ ಕಿತ್ತುಕೊಂಡು ಹೋದವರು ಹೊಸ ತೊಟ್ಟಿಲು ಬಿಟ್ಟುಹೋಗುತ್ತಾರೆಯೇ? ಸ್ಟೂಲಿನ ಮೇಲೆ ನಿಂತೇ ಅಕ್ಕ ಬಾಗಿಲಿನ ಕಡೆ ತಿರುಗಿ ನೋಡಿದಳು. ಈ ನೀಲಿ ಬಾಗಿಲು ಅವಳಿಗೆ ಗೊತ್ತಿತ್ತು. ಹುಡುಗಿಯೊಬ್ಬಳಿಗೆ ಜ್ವರ ಬಂದಾಗ ಅವಳ ಪಾಲಿನ ಬೀದಿಗೆ ತಾನೇ ಬಂದು, ಕೆಂಪು ಜೋಳಿಗೆ ಹೆಗಲಿಗೇರಿಸಿಕೊಂಡು, ಇದೇ ಬಾಗಿಲನ್ನು ತಟ್ಟಿದ್ದಳು. ಮೂರು ಸಲ. ಮೂರನೆಯ ಸಲ 'ಬೀಗ' ಎಂದು ಮುಗಿಸಿ, ನಿರಾಳವಾಗಿ ಮುಂದಿನ ಮನೆಗೆ ಹೋಗಿದ್ದಳು. ಈಗ ನೆನಪಿಸಿಕೊಂಡರೆ ಚಿಲಕದಲ್ಲಿ ಬೀಗ ಕಂಡ ನೆನಪೇ ಇಲ್ಲ. ಸಂಸ್ಥೆಯ ಲೆಕ್ಕದಲ್ಲಿ ಬೀಗ ಎಂದರೆ ತೆರೆಯದ ಬಾಗಿಲು, ಅಷ್ಟೇ. ಬೀಗವಿದೆಯೋ ಇಲ್ಲವೋ ಎಂದು ಯಾರೂ ಕಣ್ಣಿಟ್ಟು ನೋಡುತ್ತಿರಲಿಲ್ಲ.

ಗೋದಾಮಿನ ಬೀದಿಯಲ್ಲಿ ಅಂಥ ಬಾಗಿಲುಗಳು ಬಹಳವಿದ್ದವು. ಅದಕ್ಕೇ ಆ ಬೀದಿಯ ಕೆಲಸ ಬೇಗ ಮುಗಿಯುತ್ತಿತ್ತು ಎಂದು ಹುಡುಗಿಯರು ಖುಷಿಪಡುತ್ತಿದ್ದರು.

ಆಸ್ಪತ್ರೆಯ ನರ್ಸಮ್ಮ ಬಾಯಿತುಂಬ ಮಾತಾಡುವ ಹೆಂಗಸು. ಗುಬ್ಬಿಯ ತೋಳಿಗೆ ಬಿಪಿ ಪಟ್ಟಿ ಸುತ್ತಿ, ನೋಡಿ, ಬಿಚ್ಚಿ, ಮತ್ತೆ ಸುತ್ತಿದಳು. ಎರಡನೆಯ ಸಲ ನೋಡಿದ ಮೇಲೆ ಅವಳ ಮಾತು ನಿಂತುಹೋಯಿತು. ಅಕ್ಕನಿಗೆ ಆ ಮೌನದ ಅರ್ಥ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ಅವಳು ಪುಟಗಟ್ಟಲೆ ಬರೆದಿದ್ದಳು. ಬಸುರಿಯಲ್ಲಿ ಬಿಪಿ ಹೀಗೆ ಏರಿದರೆ ತಾಯಿಗೆ ಫಿಟ್ಸು ಬರಬಹುದು, ಒಳಗಿನ ಕೂಸಿಗೆ ರಕ್ತ ಸಾಲದೆ ಹೋಗಬಹುದು. ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಏನಾಗುತ್ತದೆ ಎಂಬ ಲೆಕ್ಕ ಅವಳಿಗೆ ಬಾಯಿಪಾಠ. ಬರೆಯುವಾಗ ಆ ಅಂಕಿಗಳಿಗೆ ಮುಖವಿರಲಿಲ್ಲ. ಈಗ ಅವೆಲ್ಲ ಗುಬ್ಬಿಯ ಮುಖ ಹಾಕಿಕೊಂಡು ಅವಳನ್ನೇ ದಿಟ್ಟಿಸುತ್ತಿದ್ದವು.

ಡಾಕ್ಟರಮ್ಮ ದಾಖಲು ಮಾಡಿಕೊಂಡರು. ಔಷಧಿಗೆ ಬಿಪಿ ಇಳಿದರೆ ಇನ್ನಷ್ಟು ದಿನ ಕಾಯಬಹುದು, ಇಳಿಯದಿದ್ದರೆ ದಿನ ತುಂಬುವ ಮೊದಲೇ ಕೂಸನ್ನು ಹೊರಗೆ ತೆಗೆಯಬೇಕಾಗುತ್ತದೆ ಎಂದರು. ಆ ಕೂಸು ಉಳಿಯುತ್ತದೆಯೇ ಎಂದು ಗುಬ್ಬಿ ಕೇಳಿದ್ದಕ್ಕೆ, ನೋಡೋಣಮ್ಮ ಎಂದು ಅವಳ ಕೈ ತಟ್ಟಿ ಹೋದರು.

ಅಕ್ಕ ಹಾಸಿಗೆಯ ಪಕ್ಕ ಕೂತಳು. ಆಮೇಲೆ ತಡೆಯಲಾಗದೆ ತೊಟ್ಟಿಲಿನ ಮಾತು, ಬೀಗದ ಮಾತು, ಗೋಡೆಯ ಹಸಿರು ಪಿನ್ನುಗಳ ಮಾತು ಎಲ್ಲ ಹೇಳಿಬಿಟ್ಟಳು. ಆ ಬೀದಿಗೆ ನಿನ್ನನ್ನು ಕಳಿಸಿದವಳು ನಾನೇ ಎಂದಳು. ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದಳು. ಕೋಪ ಬಂದಿತ್ತೇ? ಬಂದಿದ್ದರೆ ಅಕ್ಕನಿಗೆ ಸಮಾಧಾನವಾಗುತ್ತಿತ್ತು.

"ಅಕ್ಕ," ಎಂದಳು ಗುಬ್ಬಿ ಕೊನೆಗೆ, ಗೋಡೆಗೇ. "ಆ ಬೀದೀಲಿ ಇನ್ನೂ ನಾಲ್ಕೈದು ಜನ ಬಸುರಿಯರಿದಾರೆ. ದಿನಾ ಪಂಪಿನ ಹತ್ರ ಸಿಗ್ತಾರೆ."

"ಹೂಂ."

"ನೀನಿಲ್ಲಿ ಕೂತು ನನ್ನ ಕಾಲು ನೋಡ್ತಿದ್ರೆ ಅದೇನು ಇಳಿಯಲ್ಲ. ತೆರೀದ ಬಾಗಿಲೆಲ್ಲ ತಟ್ಟಿ ಬಾ. ಒಂದೂ ಬಿಡಬೇಡ. ಅಜ್ಜಿ ಕಥೆಯ ರಾಣಿ ಥರ. ಮುಗಿಸಿ ಬಂದ್ರೆ ಕಥೆ ಕೊನೆ ಹೇಳ್ತೀನಿ."

"ಒಂದೂ ಬಿಡಲ್ಲ."

"ಮಾತು?"

"ಮಾತು."

ಗುಬ್ಬಿ ಆಗ ತಿರುಗಿದಳು. ಕಣ್ಣು ಒದ್ದೆಯಾಗಿತ್ತು. ನನಗೆ ಭಯವಾಗ್ತಿದೆ ಅಕ್ಕ, ಅದಕ್ಕೇ ಹೋಗು ಅಂದಳು.

ಮರುದಿನ ಆಫೀಸಿನಲ್ಲಿ ದೊಡ್ಡ ಮೇಡಂ ಎಲ್ಲ ಕೇಳಿಸಿಕೊಂಡರು. ಇಡೀ ಸಂಸ್ಥೆ ಅವರ ಒಂದು ಹುಬ್ಬಿನ ಮೇಲೆ ನಿಂತಿದೆ ಎಂದು ಹುಡುಗಿಯರು ತಮಾಷೆ ಮಾಡುತ್ತಿದ್ದರು. ಆ ಹುಬ್ಬು ಮೇಲೇರಿತು. ಒಂದು ತೊಟ್ಟಿಲು ಕಂಡರೆ ಅದು ಸಾಕ್ಷಿಯಾಗುವುದಿಲ್ಲ, ತಂಗಿ ಹಾಸಿಗೆ ಹಿಡಿದಾಗ ಎಲ್ಲರಿಗೂ ಎಲ್ಲೆಲ್ಲೂ ಹುಲಿ ಕಾಣುತ್ತದೆ ಎಂದರು. ಆಮೇಲೆ ಎದ್ದು ಗೋಡೆಯ ನಕ್ಷೆಯ ಮುಂದೆ ನಿಂತು, ಗೋದಾಮಿನ ಬೀದಿಯ ಹಸಿರು ಪಿನ್ನೊಂದನ್ನು ಉಗುರಿನಿಂದ ಅಲ್ಲಾಡಿಸಿದರು. "ಹೋಗಿ ಹುಡುಕಮ್ಮ. ಆದ್ರೆ ನನಗೆ ನಿನ್ನ ಭಯ ತಂದು ಕೊಡಬೇಡ. ಎಷ್ಟು ಬಾಗಿಲು, ಒಳಗೆ ಏನಾಯ್ತು, ಅದನ್ನ ತಂದು ಕೊಡು."

ನೀಲಿ ಬಾಗಿಲಿನ ಮನೆಯಲ್ಲಿ ಮುಂಚೆ ಇದ್ದ ಬಾಡಿಗೆಯವಳು ಎಲ್ಲಿದ್ದಾಳೆಂದು ಮನೆಯ ಯಜಮಾನನಿಗೆ ಗೊತ್ತಿತ್ತು. ಊರಿನ ಇನ್ನೊಂದು ತುದಿಯ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಎಣಿಕೆಯಕ್ಕ ಹಿಂಬಾಗಿಲಿನಿಂದ ಒಳಗೆ ಹೋದಾಗ ಮೊಣಕೈವರೆಗೆ ಬಿಳಿಯಾದ ಹೆಂಗಸೊಬ್ಬಳು ತಲೆಯೆತ್ತಿದಳು. ತಲೆಯೆತ್ತಿದವಳ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ, ಹೆಗಲಿನ ಮೇಲೆ ನಿಂತಿತು. ಅಲ್ಲಿ ಕೆಂಪು ಜೋಳಿಗೆ ನೇತಾಡುತ್ತಿತ್ತು. ವರ್ಷಗಳ ರೂಢಿ, ಹೊರಡುವಾಗ ಕೈ ತಾನೇ ತೆಗೆದು ಹಾಕಿಕೊಂಡಿತ್ತು. ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು ಹಿಟ್ಟಿನ ಮೂಟೆಗೆ ಒರಗಿದಳು.

"ಅದನ್ನ ಹೊರಗಿಟ್ಟು ಬನ್ನಿ," ಎಂದಳು.

ಎಣಿಕೆಯಕ್ಕ ಜೋಳಿಗೆ ಹೊರಗಿಟ್ಟು ಬಂದಳು. ಹೆಂಗಸು ಹಿಟ್ಟಿನ ಮುದ್ದೆಯನ್ನು ಮತ್ತೆ ಮತ್ತೆ ಗುದ್ದುತ್ತ, ಅದಕ್ಕೇ ಹೇಳುವ ಹಾಗೆ ಹೇಳಿದಳು. "ನೀವು ಮೂರು ಸಲ ಬಂದ್ರಿ. ನಾನು ಒಳಗೇ ಇದ್ದೆ. ಕಿಟಕೀಲಿ ಆ ಕೆಂಪು ಬಟ್ಟೆ ಕಾಣ್ತು. ತೂಗೋಕೆ ಬಂದಿದಾರೆ. ಏನು ತಂದು ಅದ್ರಲ್ಲಿ ಮಲಗಿಸ್ಲಿ? ಮಗು ಹೇಗಿದೆ ಅಂತ ಕೇಳ್ತೀರಲ್ಲ, ಅದಕ್ಕೆ ಏನನ್ಲಿ? ಕಿವಿ ಮುಚ್ಕೊಂಡು ಕೂತಿದ್ದೆ, ನೀವು ಮೆಟ್ಟಿಲಿಳಿಯೋವರೆಗೂ."

ಕೂಸುಗಳು ಗಟ್ಟಿಯಾಗಿದ್ದ ಮನೆಯವರೆಲ್ಲ ಆ ಕೆಂಪು ಬಟ್ಟೆ ಕಂಡ ಕೂಡಲೇ ನಗುತ್ತ ಬಾಗಿಲು ತೆರೆದಿದ್ದರು. ಅವರನ್ನು ಎಣಿಸಿ, ಊರು ಬೆಳಗುತ್ತಿದೆ ಎಂದು ಹಸಿರು ಪಿನ್ನು ಚುಚ್ಚಿದ್ದಾಯಿತು. ಕೂಸು ಕಳೆದುಕೊಂಡವರಿಗೆ ಅದೇ ಬಟ್ಟೆ ದೂರದಿಂದಲೇ ಎಚ್ಚರಿಕೆ ಕೊಟ್ಟಿತ್ತು. ರಾಣಿ ಗೆಜ್ಜೆ ಯಾಕೆ ಬಿಚ್ಚಿಟ್ಟಳು ಎಂದು ಚಿಕ್ಕವಳಿದ್ದಾಗ ಕೇಳಬೇಕೆಂದುಕೊಂಡು ಎಷ್ಟು ಸಲ ನಿದ್ದೆಹೋಗಿದ್ದಳೋ.

ಹೆಂಗಸು ಉಳಿದದ್ದನ್ನೂ ಹೇಳಿದಳು. ಮೊದಲು ಕಾಲು ಊದಿತು. ಆಮೇಲೆ ತಲೆನೋವು. ಆಮೇಲೆ ಕಣ್ಣಮುಂದೆ ಮಿಂಚು ಮಿಂಚು ಹುಳ ಹಾರಾಡಿದ ಹಾಗೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಒಳಗೆ ಮಿಸುಕಾಟ ನಿಂತಿತ್ತು. ತೊಟ್ಟಿಲನ್ನು ಗಂಡ ಮುರಿದು ಹಾಕುತ್ತೇನೆಂದ, ಅವಳು ಬಿಡಲಿಲ್ಲ, ತರುವುದಕ್ಕೂ ಧೈರ್ಯ ಬರಲಿಲ್ಲ. ಹೊರಡುವ ಮುಂಚೆ ಎಣಿಕೆಯಕ್ಕ, ಇಲ್ಲಿ ಹೇಗಿದೆ ಆರೋಗ್ಯ ಎಂದು ಕೇಳಿದಳು. ಹೆಂಗಸು ಹಿಟ್ಟಿನ ಪಕ್ಕದ ಉಪ್ಪಿನ ಬಟ್ಟಲಿನ ಕಡೆ ಕಣ್ಣು ಹಾಯಿಸಿದಳು. ಇಲ್ಲಿಗೆ ಬಂದ ಹೊಸತರಲ್ಲಿ ಉಪ್ಪು ಹಾಕುವುದೇ ಮರೆತುಹೋಗಿ ಬೈಸಿಕೊಂಡಿದ್ದಳಂತೆ. ಅಲ್ಲಿ ಬೇಕಾಗುತ್ತಿರಲಿಲ್ಲವಲ್ಲ.

ಎಣಿಕೆಯಕ್ಕನ ಬಾಯಿಗೆ ಗುಬ್ಬಿಯ ಮನೆಯ ಆಲೂಗಡ್ಡೆಯ ರುಚಿ ಬಂತು. ತಾನು ಎರಡು ತುಂಡು ಜಾಸ್ತಿಯೇ ತಿಂದಿದ್ದಳು.

ಆವತ್ತೇ ಬೀದಿಯ ಕೆಳತುದಿಯ ಪಂಪಿನಿಂದ ನೀರು ಹಿಡಿದು ಪರೀಕ್ಷೆಯ ಕೋಣೆಗೆ ಕೊಟ್ಟಳು. ಮೇಲ್ತುದಿಯ ನಲ್ಲಿಯ ನೀರನ್ನೂ ಕೊಟ್ಟಳು. ಮೇಲಿನ ಮನೆಗಳಿಗೆ ದೂರದ ಕೆರೆಯ ನೀರು ಕೊಳವೆಯಲ್ಲಿ ಬರುತ್ತಿತ್ತು. ಕೆಳಗಿನವರಿಗೆ ಕೊಳವೆಬಾವಿ, ಪರೀಕ್ಷೆಯಲ್ಲಿ ಉಪ್ಪು ಸಿಕ್ಕಿದ್ದು ಅದರ ನೀರಿನಲ್ಲಿ. ಬಂದರನ್ನು ಆಳಕ್ಕೆ ತೋಡಿದ ಮೇಲೆ ಸಮುದ್ರ ಒಳಗೊಳಗೇ ಬಾವಿಯ ತಳಕ್ಕೆ ಬೇರು ಬಿಟ್ಟಿರಬಹುದು ಎಂದು ದೊಡ್ಡ ಮೇಡಂ ಊಹಿಸಿದರು. ಉಪ್ಪು ನಾಲಿಗೆಗೆ ಹಿತವಾಗಿರುವಷ್ಟೇ ಇತ್ತು. ಭಯವಿದ್ದದ್ದು ಅಲ್ಲೇ. ಬಾಯಿಗಿಟ್ಟರೆ ಉಗಿಯುವಷ್ಟಿದ್ದಿದ್ದರೆ ಯಾರೂ ಕುಡಿಯುತ್ತಿರಲಿಲ್ಲ.

ಜೋಳಿಗೆಯಿಲ್ಲದ ಹೆಗಲು ಹೊತ್ತು ಎಣಿಕೆಯಕ್ಕ ಬಾಗಿಲು ತಟ್ಟತೊಡಗಿದಳು. ಬೀದಿ ಬಿಟ್ಟು ಹೋದವರು ಒಬ್ಬರನ್ನೊಬ್ಬರು ತೋರಿಸಿಕೊಟ್ಟರು. ದುಃಖವಿದ್ದವರಿಗೆ ದುಃಖವಿದ್ದವರ ವಿಳಾಸ ಗೊತ್ತಿತ್ತು. ಒಬ್ಬಳು ಬಟ್ಟೆ ಅಂಗಡಿಯ ಮಹಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಒಬ್ಬಳು ಶಾಲೆಯಲ್ಲಿ ಲೆಕ್ಕದ ಟೀಚರು. ಮಕ್ಕಳ ಗಲಾಟೆ ಕೇಳಿಸದ ಮೂಲೆಗೆ ಕರೆದುಕೊಂಡು ಹೋಗಿ ಮಾತಾಡಿದಳು. ಮಗು ಹೇಗಿದೆ ಎಂದು ಎಣಿಕೆಯಕ್ಕ ಯಾರನ್ನೂ ಕೇಳಲಿಲ್ಲ. ನೀವು ಹೇಗಿದ್ದೀರಿ ಎಂದು ಕೇಳಿ ಸುಮ್ಮನೆ ಕೂರುತ್ತಿದ್ದಳು. ಎಲ್ಲರೂ ಕೂಸು ಕಳೆದುಕೊಂಡವರೇ ಆಗಿರಲಿಲ್ಲ. ಕೆಲವರು ನಿಜವಾಗಿಯೂ ಕೆಲಸ ಸಿಕ್ಕಿ ಹೋದವರು, ಮಕ್ಕಳು ಅಂಗಳದಲ್ಲಿ ಧೂಳೆಬ್ಬಿಸುತ್ತಿದ್ದರು. ಅಂಥ ಮನೆಯಿಂದ ಹೊರಬಂದಾಗ ಅವಳಿಗೆ ಯಾರದೋ ಕಾಲಿಗೆ ಬೀಳಬೇಕೆನಿಸುತ್ತಿತ್ತು. ಆದರೆ ಹೆಚ್ಚಿನವರ ಮಾತು ಒಂದೇ ದಾರಿ ಹಿಡಿಯುತ್ತಿತ್ತು. ಕಾಲು, ತಲೆ, ಕಣ್ಣಮುಂದಿನ ಮಿಂಚು. ಒಬ್ಬೊಬ್ಬರು ಒಂದೊಂದು ಆಸ್ಪತ್ರೆಗೆ ಹೋಗಿದ್ದರಿಂದ ಯಾವ ಡಾಕ್ಟರಿಗೂ ಇದು ಒಂದೇ ಬೀದಿಯ ಕಥೆಯೆಂದು ಕಾಣಿಸಿರಲಿಲ್ಲ. ಪ್ರತಿಯೊಬ್ಬಳೂ ತನ್ನೊಬ್ಬಳ ದುರದೃಷ್ಟ ಎಂದುಕೊಂಡು ಬಾಯಿ ಹೊಲಿದುಕೊಂಡಿದ್ದಳು.

ಪ್ರತಿ ಬಾಗಿಲಿನ ಮುಂದೆ ಕೈಯೆತ್ತುವಾಗಲೂ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು. ಒಳಗಿರುವ ಮಾತು ಗುಬ್ಬಿಗೆ ಬರಲಿರುವ ನಾಳೆಯ ಹಾಗೆ ಕೇಳಿಸುತ್ತಿತ್ತು. ಸಂಜೆ ಆಸ್ಪತ್ರೆಗೆ ಹೋದರೆ ಗುಬ್ಬಿ, ಎಷ್ಟು ಉಳಿದಿದೆ ಎಂದಷ್ಟೇ ಕೇಳುತ್ತಿದ್ದಳು. ಅಕ್ಕ ಬಿಪಿ ಎಷ್ಟಿದೆ ಎಂದಷ್ಟೇ ಕೇಳುತ್ತಿದ್ದಳು. ಇಬ್ಬರೂ ಉತ್ತರ ಕೇಳಿ ತಲೆಯಾಡಿಸಿ, ಬೇರೆ ಮಾತು ತೆಗೆಯುತ್ತಿದ್ದರು.

ದೊಡ್ಡ ಮೇಡಂ ಅಷ್ಟರಲ್ಲೇ ನೀರಿನ ಇಲಾಖೆಗೆ ಫೋನು ಹಚ್ಚಿದ್ದರು. ಉಪ್ಪೇ ಕಾರಣ ಎಂದು ನಾನು ಇವತ್ತು ಪ್ರಮಾಣ ಮಾಡಲಾರೆ, ಅದಕ್ಕೆ ಇನ್ನೂ ಕೆಲಸವಿದೆ. ಆದರೆ ಅಲ್ಲಿಯವರೆಗೆ ಆ ಬಸುರಿಯರು ಆ ನೀರು ಕುಡಿಯುವುದು ಬೇಡ ಎಂದು ಅಲ್ಲಿನ ಮೂರು ಮೇಜಿನ ಅಧಿಕಾರಿಗಳಿಗೂ ಅದೇ ಮಾತು ಹೇಳಿದರಂತೆ. ಬೀದಿಯ ಬಾಯಲ್ಲಿ ನೀರಿನ ಲಾರಿ ಬಂದು ನಿಂತಿತು. ಪಂಪಿನ ಹತ್ತಿರ ಸಿಗುತ್ತಿದ್ದ ನಾಲ್ಕೈದು ಬಸುರಿಯರಿಗೂ ಹುಡುಗಿಯರು ಬಿಪಿ ನೋಡಿದರು. ಒಬ್ಬಳನ್ನು ಆಗಿಂದಾಗಲೇ ಆಸ್ಪತ್ರೆಗೆ ಕಳಿಸಬೇಕಾಯಿತು.

ಕೊನೆಗೆ ಉಳಿದದ್ದು ಬೀದಿಯ ಮೂಲೆಯ ಒಂದೇ ಬಾಗಿಲು. ಈ ಮನೆಯವಳು ಎಲ್ಲಿಗೂ ಹೋಗಿರಲಿಲ್ಲ. ಗಂಡ ಗೋದಾಮಿನ ಕಾವಲುಗಾರ, ಅವನು ಹೊರಗೆ ಓಡಾಡುತ್ತಿದ್ದ, ಅವಳು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಎಣಿಕೆಯಕ್ಕ ತಟ್ಟಿದಳು. ಒಳಗೆ ಪಾತ್ರೆಯ ಸದ್ದು ನಿಂತಿತು, ಅಷ್ಟೇ. ಯಾಕೆ ಬಂದೆನೆಂದು ಮುಚ್ಚಿದ ಬಾಗಿಲಿಗೇ ಹೇಳಿ ಮೆಟ್ಟಿಲ ಮೇಲೆ ಕೂತಳು. ಬೆಳಗಿನ ಬಿಸಿಲು ಗೋದಾಮಿನ ತಗಡಿನ ಮೇಲಿಂದ ಜಾರಿ ಕಾಲಬುಡಕ್ಕೆ ಬಂತು. ಬಾಗಿಲಿನ ಆ ಕಡೆ ಯಾರೋ ಉಸಿರಾಡುವುದು ಕೇಳಿಸುತ್ತಿತ್ತು.

ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ನರ್ಸಮ್ಮ. ಗುಬ್ಬಿಯ ಬಿಪಿ ಒಮ್ಮೆಲೇ ಏರಿದೆ, ಕಣ್ಣಮುಂದೆ ಮಿಂಚು ಅನ್ನುತ್ತಿದ್ದಾಳೆ, ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುತ್ತಿದ್ದೇವೆ, ಬೇಗ ಬನ್ನಿ. ಎಣಿಕೆಯಕ್ಕ ಎದ್ದಳು. ಏಳುವಾಗ ಕಾಲು ಎಡವಿ ಬಾಗಿಲಿಗೇ ಕೈ ಕೊಟ್ಟು ನಿಂತಳು. ಮೆಟ್ಟಿಲಿಳಿದರೆ ಮಾತು ತಪ್ಪುತ್ತದೆ. ಇಳಿಯದಿದ್ದರೆ?

"ಯಾರಿಗೇನಾಯ್ತು?" ಎಂದಿತು ಒಳಗಿನ ಧ್ವನಿ.

"ನನ್ನ ತಂಗಿಗೆ. ಇದೇ ಬೀದಿ. ಆ ನೀಲಿ ಬಾಗಿಲು."

"ಗಂಡನ ಚಪ್ಪಲಿ ಹಾಕ್ಕೊಂಡು ನೀರಿಗೆ ಬರ್ತಿದ್ದಳಲ್ಲ, ಅವಳಾ?"

ಚಿಲಕ ಸರಿಯಿತು. ಬಿಸಿಲು ಕಾಣದೆ ಬಿಳಿಚಿಕೊಂಡ ಮುಖದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ಬೆಳಕಿಗೆ ಕಣ್ಣು ಕಿರಿದು ಮಾಡಿ, ಒಂದು ಕ್ಷಣ ಬೀದಿಯ ಎರಡೂ ತುದಿ ನೋಡಿದಳು. ಕಿಟಕಿಯಿಂದ ದಿನಾ ನೋಡ್ತಿದ್ದೆ, ಹೇಳ್ಬೇಕು ಹೇಳ್ಬೇಕು ಅನ್ಕೋತಿದ್ದೆ ಎಂದಳು. ಆಮೇಲೆ ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ತೂರಿಸಿದಳು. "ನಡೀರಿ, ನಾನೂ ಬರ್ತೀನಿ. ದಾರೀಲಿ ಹೇಳ್ತೀನಿ."

ಆಟೋದಲ್ಲಿ ಅವಳು ಎಣಿಕೆಯಕ್ಕನ ಮಣಿಕಟ್ಟು ಹಿಡಿದುಕೊಂಡು ಹೇಳಿದಳು. ಎರಡು ಕೂಸುಗಳು ಹೋಗಿದ್ದವು, ಒಂದರ ಹಿಂದೆ ಒಂದು. ಎರಡಕ್ಕೂ ಹೆಸರಿಟ್ಟಿದ್ದಳು. ಆ ಹೆಸರುಗಳನ್ನು ಗಂಡನ ಮುಂದೆ ಕೂಡ ಹೇಳಿರಲಿಲ್ಲ. ಈಗ ಎಣಿಕೆಯಕ್ಕನ ಕಿವಿಯಲ್ಲಿ ಹೇಳಿ, ಎಣಿಸಿಕೊಳ್ಳಿ ಎಂದಳು. ಎಣಿಕೆಯಕ್ಕ ತಲೆಯಾಡಿಸಿದಳು. ಸಿಗ್ನಲ್ಲುಗಳೆಲ್ಲ ಅವತ್ತು ಕೆಂಪಾಗಿಯೇ ಇದ್ದವು.

ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಬಾಗಿಲಿನ ದುಂಡು ಗಾಜಿಗೆ ಒಳಗಿನಿಂದ ಹಸಿರು ಬಟ್ಟೆ ಅಂಟಿಸಿದ್ದರು, ಏನೂ ಕಾಣುತ್ತಿರಲಿಲ್ಲ. ಎಣಿಕೆಯಕ್ಕನಿಗೆ ಗೊತ್ತಿದ್ದ ಅಂಕಿಗಳೆಲ್ಲ ತಲೆಯೊಳಗೆ ಗಿರಗಿರ ತಿರುಗಿದವು. ಇಷ್ಟು ಬೇಗ ಹುಟ್ಟಿದ ಕೂಸುಗಳಲ್ಲಿ ಇಷ್ಟು, ಇಷ್ಟು ಬಿಪಿಯ ತಾಯಂದಿರಲ್ಲಿ ಇಷ್ಟು. ಅವುಗಳನ್ನು ನಿಲ್ಲಿಸಲು ಅವಳು ನೆಲದ ಹಾಸುಗಲ್ಲು ಎಣಿಸಿದಳು. ಅದೂ ಆಗಲಿಲ್ಲ. ಪಕ್ಕದವಳು ಮಣಿಕಟ್ಟು ಬಿಟ್ಟಿರಲಿಲ್ಲ.

ನರ್ಸಮ್ಮ ಹೊರಗೆ ಬಂದು, ತಾಯಿ ಕಣ್ಣು ಬಿಟ್ಟಿದ್ದಾಳೆ ಎಂದಳು. ಕೂಸಿನ ಬಗ್ಗೆ ಏನೂ ಹೇಳದೆ, ಮಕ್ಕಳ ಡಾಕ್ಟರು ನೋಡ್ತಿದ್ದಾರೆ ಎನ್ನುತ್ತ ಮತ್ತೆ ಒಳಗೆ ಹೋದಳು. ಆ ಒಂದು ಮಾತಿನ ಮೇಲೆ ಸಂಜೆಯವರೆಗೆ ಕಾಲ ತಳ್ಳಬೇಕಾಯಿತು. ಗುಬ್ಬಿಯನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ, ಮೂಲೆ ಮನೆಯವಳು ನೀವು ಹೋಗಿ, ನಾನಿಲ್ಲೇ ಇರ್ತೀನಿ ಎಂದು ಬೆಂಚಿನಲ್ಲೇ ಉಳಿದಳು.

ಗುಬ್ಬಿಯ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಅಕ್ಕ ಪರದೆಯ ಹೊರಗೇ ನಿಂತಳು. ಒಳಗೆ ಹೋದರೆ ಗುಬ್ಬಿಯ ಮುಖ ನೋಡಬೇಕು, ಮುಖ ನೋಡಿದರೆ ಕೂಸಿನ ಸುದ್ದಿ ಗೊತ್ತಾಗಿಬಿಡುತ್ತದೆ. ಅಲ್ಲಿಯವರೆಗೆ ತಟ್ಟಿದ ಯಾವ ಬಾಗಿಲೂ ಅವಳಿಗೆ ಇಷ್ಟು ಭಾರವೆನಿಸಿರಲಿಲ್ಲ, ಇದು ಬರೀ ಬಟ್ಟೆಯಾಗಿದ್ದರೂ.

"ನೆರಳು ಕಾಣ್ತಿದೆ," ಎಂದಿತು ಒಳಗಿನಿಂದ ಸೋತ ಧ್ವನಿ. "ಮುಗೀತಾ ಬಾಗಿಲೆಲ್ಲ?"

"ಮುಗೀತು. ಮೂಲೆಯವರೂ ತೆಗೆದ್ರು. ಹೊರಗೆ ಕೂತಿದಾರೆ."

"ಮುಗಿದಿಲ್ಲ ಅಕ್ಕ. ನೀನು ಯಾವಾಗಲೂ ಮಲಗಿಬಿಡ್ತಿದ್ದೆ. ರಾಣಿ ಎಲ್ಲ ಬಾಗಿಲು ತಟ್ಟಿ ಅರಮನೆಗೆ ಬಂದ್ಲಂತೆ. ಬಂದು ನೋಡಿದ್ರೆ ಅಲ್ಲೂ ಕತ್ತಲೆ. ಮಾಳಿಗೆ ಮೇಲೆ ನಿಂತವಳಿಗೆ ತನ್ನ ಮನೆ ದೀಪ ಉರೀತಿದ್ಯೋ ಇಲ್ವೋ ಕಾಣಲ್ವಲ್ಲ. ಅವಳು ಅದನ್ನ ಎಣಿಸೇ ಇರ್ಲಿಲ್ಲ. ಕೊನೆಗೆ ತನ್ನ ಬಾಗಿಲನ್ನೇ ತಟ್ಟಬೇಕಾಯ್ತು." ಗುಬ್ಬಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ನೀಲಿ ಬಾಗಿಲಲ್ಲಿ ಈಗಿರೋಳು ಇನ್ನೂ ನಿನ್ನ ಲೆಕ್ಕಕ್ಕೆ ಬಂದಿಲ್ಲ. ತಟ್ಟು."

ಪರದೆಯನ್ನು ತಟ್ಟುವುದು ಹೇಗೆ? ಅಕ್ಕ ಬಗ್ಗಿ, ಹಾಸಿಗೆಯ ಕಬ್ಬಿಣದ ಕಾಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದಳು.

"ಯಾರು?"

"ಎಣಿಸೋಳು."

"ಬನ್ನಿ, ತೆಗೆದಿದೆ."

ಅಕ್ಕ ಪರದೆ ಸರಿಸಿ ಒಳಗೆ ಹೋದಳು. ಗುಬ್ಬಿ ಕಣ್ಣು ಮುಚ್ಚಿಕೊಂಡಿದ್ದಳು. ಮುಖದಿಂದ ಏನೂ ತಿಳಿಯಬಾರದು ಎಂದೇ ಮುಚ್ಚಿಕೊಂಡ ಹಾಗಿತ್ತು. ಅಕ್ಕ ಸ್ಟೂಲು ಎಳೆದುಕೊಂಡು ಕೂತು, ಎಲ್ಲರನ್ನೂ ಕೇಳಿದ ಹಾಗೆ ಕೇಳಿದಳು. ನೀವು ಹೇಗಿದ್ದೀರಿ? ಯಾವ ನೀರು ಕುಡಿಯುತ್ತಿದ್ದಿರಿ? ಕಾಲು ಯಾವಾಗ ಊದಿತು, ತಲೆ ಯಾವಾಗ ನೋಯಿತು? ಗುಬ್ಬಿ ಒಂದೊಂದಕ್ಕೂ ಉತ್ತರ ಕೊಟ್ಟಳು, ಯಾರೋ ದೂರದವಳ ಹಾಗೆ, ಬಹುವಚನದಲ್ಲಿ. ಆಮೇಲೆ ಕೇಳಲು ಒಂದೇ ಒಂದು ಉಳಿಯಿತು. ಇಷ್ಟು ದಿನ ಯಾರನ್ನೂ ಕೇಳದೆ ನುಂಗಿಕೊಂಡಿದ್ದ ಮಾತು ಅದು. ಕೇಳದೆ ಎದ್ದುಹೋದರೆ ನೀಲಿ ಬಾಗಿಲು ಮತ್ತೆ ಬೀಗವಾಗಿಯೇ ಉಳಿಯುತ್ತದೆ.

ಅಕ್ಕ ತಂಗಿಯ ಕೈ ಹಿಡಿದುಕೊಂಡಳು.

"ಮಗು ಹೇಗಿದೆ?"

ಗುಬ್ಬಿ ಕಣ್ಣು ತೆರೆದಳು.

"ಗಾಜಿನ ಪೆಟ್ಟಿಗೇಲಿದೆ. ಇಷ್ಟೇ ಇಷ್ಟಿದೆ. ಡಾಕ್ಟರು ಇನ್ನೂ ಏನೂ ಹೇಳಲ್ಲ ಅಂತಾರೆ." ಅವಳು ಅಕ್ಕನ ಕೈ ಬಿಟ್ಟಳು. "ಆದ್ರೆ ಇದೆ ಅಕ್ಕ. ಬರ್ಕೋ."

ಅಕ್ಕ ಬರೆದುಕೊಂಡಳು.